ಉಣಕಲ್ ಕೆರೆಯ ಈಚೆ ಆಚೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟರೆ ಉಣಕಲ್ ಕೆರೆ ಸಿಗುವ ಮೊದಲೇ ವಿದ್ಯಾನಗರದಲ್ಲಿ ಕಿಮ್ಸ್ ಎಂದೇ ಹೆಸರಾದ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇದೆ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದದ್ದು. ಅಲ್ಲೇ 1947ರ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಕೆರೆ ದಾಟಿದರೆ ನವನಗರದ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಮತ್ತು ದಂತ ಕಾಲೇಜುಗಳು, ಮುಂದೆ ಧಾರವಾಡದಲ್ಲಿ 1949ರ ಕರ್ನಾಟಕ ವಿಶ್ವವಿದ್ಯಾಲಯ, 2016ರ ಐಐಟಿ. ರೋಗಿಯನ್ನು ನೋಡುವವರು, ಜೀವಕೋಶವನ್ನು ನೋಡುವವರು, ಅಂಕಿಗಳನ್ನು ನೋಡುವವರು ಇಷ್ಟು ಹತ್ತಿರ ನೆಲೆಸಿರುವ ಜಾಗ ಉತ್ತರ ಕರ್ನಾಟಕದಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ಎಣಿಕೆ. ಕ್ಯಾನ್ಸರ್ ಸಂಶೋಧನೆಯಲ್ಲಿ ಈ ದಾರಿಗೆ ದೊಡ್ಡ ಪಾಲು ಸಿಗಬೇಕು. ಅದು ಹೊಸ ಔಷಧದಿಂದಲ್ಲ, ಎಣಿಸಲು ಮತ್ತು ಬೇಗ ಪತ್ತೆಹಚ್ಚಲು ಬಲ್ಲ ಜನರನ್ನು ತಯಾರುಮಾಡುವುದರಿಂದ.

ಸಂಶೋಧನೆಯನ್ನು ಬೆಂಗಳೂರು, ಮುಂಬೈಗೆ ಬಿಟ್ಟು ಇಲ್ಲಿಯವರು ಚಿಕಿತ್ಸೆ ಕೊಡಲಿ ಎನ್ನುವವರಿದ್ದಾರೆ. ಆ ಮಾತಿಗೆ ಉತ್ತರ ವಿಜಯಪುರದ ಗಡಿಯಾಚೆಯ ಸೋಲಾಪುರ ಜಿಲ್ಲೆಯಲ್ಲೇ ಇದೆ. ಬಾರ್ಶಿ ಎಂಬ ಸಣ್ಣ ಊರಿನಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಯಾವ ಹಳ್ಳಿಯಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಯಾರು ಉಳಿದರು, ಯಾರು ಹೋದರು ಎಂಬುದನ್ನು ಊರೂರು ತಿರುಗಿ ಬರೆದುಕೊಳ್ಳುವ ಕೆಲಸ ಅದು. ಇಂಥ ತಳಪಾಯ ಇದ್ದುದರಿಂದಲೇ ಪಕ್ಕದ ಅಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1,31,746 ಮಹಿಳೆಯರ ಮೇಲೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಅಧ್ಯಯನ ಸಾಧ್ಯವಾಯಿತು. ಒಂದೇ ಸಲದ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಪರೀಕ್ಷೆಯಿಂದ ಸಾವುಗಳು ಸರಿಸುಮಾರು ಅರ್ಧಕ್ಕೆ ಇಳಿದವು ಎಂಬ ಅದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳುವುದು ಇದೇ ಪರೀಕ್ಷೆಯನ್ನು. ಜೋಳ ಬೆಳೆಯುವ ಬಯಲುಸೀಮೆಯ ಹೆಣ್ಣುಮಕ್ಕಳಿಂದ ಲೋಕ ಕಲಿತ ಪಾಠ ಇದು.

ನಮ್ಮ ಭಾಗದಲ್ಲಿ ಇಂಥದೇ ಗಮನ ಬೇಡುವುದು ಬಾಯಿಯ ಕ್ಯಾನ್ಸರ್. ತಂಬಾಕಷ್ಟೇ ಅಲ್ಲ, ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆಯ ನಾಡಿಗೆ ಇದು ಕಹಿಯಾದ ಮಾತು, ಆದರೂ ಕೇಳಬೇಕಾದ್ದು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲು ಬಾರದಂತಾಗುವ ತೊಂದರೆ, ಬಿಳಿ ಮಚ್ಚೆ, ಕೆಂಪು ಮಚ್ಚೆ ಇವೆಲ್ಲ ಕ್ಯಾನ್ಸರಿಗೆ ಮೊದಲೇ ಕಣ್ಣಿಗೆ ಬೀಳುವ ಗುರುತುಗಳು. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬೆಳಕಿನಲ್ಲಿ ಬಾಯಿ ನೋಡಿ ಹೋದುದರಿಂದಲೇ ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ವರದಿಯಾಗಿದೆ. ಅದಕ್ಕೆ ದುಬಾರಿ ಯಂತ್ರ ಬೇಕಾಗಲಿಲ್ಲ.

ಹಾಸಿಗೆಗೇ ಹಣ ಸಾಲದಿರುವಾಗ ಸಂಶೋಧನೆಗೆಲ್ಲಿಂದ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಸರದಿಯಲ್ಲಿ ಕೂತ ರೋಗಿಯ ಕಡೆಯಿಂದ ನೋಡಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ತಡವಾಗಿ ಬಂದ ರೋಗಿಗೆ ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೋ ಮೂರೂ ಬೇಕಾಗಬಹುದು. ಬೇಗ ಬಂದವನಿಗೆ ಎಷ್ಟೋ ಸಲ ಒಂದೇ ಸಾಕು. ಅಲ್ಲದೆ ಯಂತ್ರ ಕೊಂಡ ಮಾತ್ರಕ್ಕೆ ಚಿಕಿತ್ಸೆ ನಡೆಯುವುದಿಲ್ಲ. ವಿಕಿರಣದ ಪ್ರಮಾಣ ಲೆಕ್ಕಹಾಕಲು ವೈದ್ಯಕೀಯ ಭೌತವಿಜ್ಞಾನಿ ಬೇಕು, ಅಂಗಾಂಶ ಓದಲು ಪೆಥಾಲಜಿಸ್ಟ್ ಬೇಕು. ಇವರನ್ನು ಕಲಿಸಿ ಕಳಿಸುವುದು ವಿಶ್ವವಿದ್ಯಾಲಯಗಳೇ.

ಬಾರ್ಶಿಯಂಥ ನೋಂದಣಿಯಲ್ಲೂ ಕಲಿತವರ ಕೆಲಸ ಬೇಕಾದಷ್ಟಿದೆ. ಹಾವೇರಿಯ ರೋಗಿ ಹುಬ್ಬಳ್ಳಿಯಲ್ಲಿ ಬಯಾಪ್ಸಿ ಮಾಡಿಸಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಮನೆಯಲ್ಲಿ ಸತ್ತರೆ ಮೂರು ಕಡೆ ಮೂರು ಕಾಗದ ಉಳಿಯುತ್ತವೆ. ಹೆಸರಿನ ಕಾಗುಣಿತವೂ ಮೂರು ಬಗೆ. ಮೂರರಲ್ಲೂ ಇರುವವನು ಒಬ್ಬನೇ ಎಂದು ಗುರುತಿಸುವ, ಅವನ ಗುಟ್ಟನ್ನೂ ಕಾಪಾಡುವ ಲೆಕ್ಕವನ್ನು ಕಟ್ಟುವುದು ಬಿ.ವಿ.ಬಿ. ಆವರಣದ ಅಥವಾ ಐಐಟಿಯ ವಿದ್ಯಾರ್ಥಿಗೆ ಪಿಎಚ್.ಡಿ.ಗೆ ತಕ್ಕ ವಿಷಯ. ಮಾರ್ಗದರ್ಶಕರಾಗಿ ಕಿಮ್ಸ್ ಅಥವಾ ನವನಗರದ ವೈದ್ಯರೊಬ್ಬರು ಜೊತೆಗಿರಬೇಕು.