ನಾಯಿಗೆ ಬಾಗಿಲು ತೆರೆದಾಗ

ಅಂಧರಿಗೆ ನೆರವಾಗುವುದೆಂದರೆ ಏನು? ಕೈಹಿಡಿದು ರಸ್ತೆ ದಾಟಿಸುವುದು, ಬಸ್ಸಿನಲ್ಲಿ ಆಸನ ಬಿಟ್ಟುಕೊಡುವುದು, ಕೈಲಾದ ಧನಸಹಾಯ ಮಾಡುವುದು: ನಮಗೆ ತಟ್ಟನೆ ಹೊಳೆಯುವ ಉತ್ತರಗಳಿವು. ಇವೆಲ್ಲವೂ ಒಳ್ಳೆಯವೇ. ಆದರೆ ಪ್ರತಿಯೊಂದು ಹೆಜ್ಜೆಗೂ ಇನ್ನೊಬ್ಬರ ಬಿಡುವಿಗಾಗಿ ಕಾಯಬೇಕಾದ ವ್ಯಕ್ತಿಯ ಅಂತರಂಗದ ವೇದನೆಯನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ? ಅಮೆರಿಕಕ್ಕೆ ಮಾರ್ಗದರ್ಶಿ ನಾಯಿಗಳು ಬಂದ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್ ನಗರದಲ್ಲಿ 1916ರಲ್ಲಿ ಇಂತಹ ನಾಯಿಗಳ ತರಬೇತಿ ಶಾಲೆ ಆರಂಭವಾಯಿತು. ಮುಂದೆ ಪಾಟ್ಸ್‌ಡ್ಯಾಮ್‌ನಲ್ಲಿ ತೆರೆದ ಶಾಲೆಯನ್ನು, ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಅಮೆರಿಕದ ಮಹಿಳೆ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಕಣ್ಣಾರೆ ಕಂಡರು. ತಮ್ಮ ಬೆರಗನ್ನು 1927ರ ನವೆಂಬರ್ 5ರಂದು ಅಮೆರಿಕದ ವಾರಪತ್ರಿಕೆಯೊಂದರಲ್ಲಿ ಲೇಖನವಾಗಿ ಪ್ರಕಟಿಸಿದರು. ಅದರ ಶೀರ್ಷಿಕೆ 'ದಿ ಸೀಯಿಂಗ್ ಐ', ಅಂದರೆ ಕಾಣುವ ಕಣ್ಣು. ಕಿವಿ ಕಣ್ಣುಗಳೆರಡನ್ನೂ ದೇವರ ಕೃತಿಯೆಂದು ಸ್ಮರಿಸುವ ಜ್ಞಾನೋಕ್ತಿಗಳ ಗ್ರಂಥದಿಂದ ಬಂದ ಹೆಸರದು.

ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ತಂದೆಯೊಬ್ಬರು ಈ ಲೇಖನವನ್ನು ತಮ್ಮ ಮಗನಿಗೆ ಓದಿ ಹೇಳಿದರು. ಮಗ ಮಾರಿಸ್ ಫ್ರ್ಯಾಂಕ್‌ಗೆ ಆಗ 19 ವರ್ಷ. ಆರನೆಯ ವಯಸ್ಸಿನಲ್ಲಿ ಒಂದು ಕಣ್ಣು, ಹದಿನಾರರಲ್ಲಿ ಮತ್ತೊಂದು ಕಣ್ಣು ಹೋಗಿದ್ದವು. ಹೊರಗೆ ಓಡಾಡಲು ಇನ್ನೊಬ್ಬರನ್ನು ಆಶ್ರಯಿಸಬೇಕಾಗಿದ್ದುದು ಅವರಿಗೆ ಸಹಿಸಲಾಗದ ಸಂಗತಿಯಾಗಿತ್ತು. ತನಗೆ ತರಬೇತಿ ಕೊಟ್ಟರೆ ಈ ವಿದ್ಯೆಯನ್ನು ದೇಶದ ಇತರ ಅಂಧರಿಗೂ ತಲುಪಿಸುವೆನೆಂದು ಅವರು ಯೂಸ್ಟಿಸ್ ಅವರಿಗೆ ಪತ್ರ ಬರೆಸಿದರು. 1928ರಲ್ಲಿ ಹಡಗೇರಿ ಸ್ವಿಟ್ಜರ್ಲೆಂಡಿಗೆ ಹೋದರು. ಅಲ್ಲಿ ಅವರಿಗೆ ದೊರೆತ ಜರ್ಮನ್ ಶೆಫರ್ಡ್ ತಳಿಯ ಹೆಣ್ಣುನಾಯಿಯ ಹೆಸರು ಕಿಸ್. ನಾಲ್ಕು ಜನರ ಮುಂದೆ 'ಮುತ್ತು' ಎಂದು ಕೂಗಿ ಕರೆಯಲು ನಾಚಿದ ತರುಣ ಅದಕ್ಕೆ ಬಡ್ಡೀ, ಅಂದರೆ ಗೆಳೆಯ, ಎಂದು ಮರುನಾಮಕರಣ ಮಾಡಿದರು.

ನಾಯಿ ಅಂಧನನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯುತ್ತದೆ ಎಂಬುದು ಹಲವರ ತಪ್ಪು ಕಲ್ಪನೆ. ಹೋಗಬೇಕಾದ ಊರುಕೇರಿ, ಹಿಡಿಯಬೇಕಾದ ದಾರಿ ಗೊತ್ತಿರುವುದು ಮನುಷ್ಯನಿಗೆ. ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂದು ಆಜ್ಞಾಪಿಸುವವನು ಅವನೇ. ನಾಯಿ ಅಡೆತಡೆಗಳನ್ನು ಬಳಸಿ ನಡೆಸುತ್ತದೆ, ಮೆಟ್ಟಿಲು ಬಂದಾಗ ನಿಲ್ಲುತ್ತದೆ. ವಾಹನ ಮೇಲೇರಿ ಬರುತ್ತಿರುವಾಗ ಒಡೆಯ 'ಮುಂದಕ್ಕೆ' ಎಂದರೂ ಅದು ಕದಲುವುದಿಲ್ಲ. ಹೀಗೆ ಆಜ್ಞೆಯನ್ನು ಮೀರುವುದನ್ನೂ ಅದಕ್ಕೆ ಕಲಿಸಲಾಗಿರುತ್ತದೆ. ಒಡೆಯನ ಮಾತಿಗಿಂತ ಒಡೆಯನ ಪ್ರಾಣ ದೊಡ್ಡದು ಎಂಬ ಈ ಪಾಠ, ವಿಧೇಯತೆಯ ಬಗ್ಗೆ ನಮಗಿರುವ ಸರಳ ಕಲ್ಪನೆಯನ್ನೂ ತಿದ್ದುವಂತಿದೆ.

1928ರ ಜೂನ್ 11ರಂದು ಫ್ರ್ಯಾಂಕ್ ನ್ಯೂಯಾರ್ಕಿಗೆ ಮರಳಿದರು. ವಾಹನಗಳು ಭೋರ್ಗರೆಯುವ ವೆಸ್ಟ್ ಸ್ಟ್ರೀಟ್ ಅನ್ನು ಪತ್ರಕರ್ತರ ಕಣ್ಣೆದುರಿನಲ್ಲೇ ಬಡ್ಡೀಯೊಡನೆ ದಾಟಿದರು. ಯೂಸ್ಟಿಸ್ ಅವರಿಗೆ ಅವರು ಕಳುಹಿಸಿದ ತಂತಿಯಲ್ಲಿದ್ದುದು ಒಂದೇ ಪದ: ಯಶಸ್ಸು. ಮರುವರ್ಷ ಜನವರಿ 29ರಂದು ನ್ಯಾಶ್‌ವಿಲ್‌ನಲ್ಲಿ ಲೇಖನದ ಹೆಸರನ್ನೇ ಹೊತ್ತ ಸಂಸ್ಥೆ ಸ್ಥಾಪನೆಯಾಯಿತು. ಅದು ಇಂದು ನ್ಯೂಜೆರ್ಸಿ ರಾಜ್ಯದ ಮಾರಿಸ್‌ಟೌನ್‌ನಲ್ಲಿದೆ.

ಆದರೆ ರಸ್ತೆ ದಾಟಿದಷ್ಟು ಸುಲಭವಾಗಿ ಹೊಸ್ತಿಲು ದಾಟಲಾಗಲಿಲ್ಲ. ರೈಲು, ಹೋಟೆಲು, ಅಂಗಡಿ, ಕಚೇರಿಗಳಲ್ಲಿ ನಾಯಿಗಳಿಗೆ ಪ್ರವೇಶವಿರಲಿಲ್ಲ. ನಾಯಿಯನ್ನು ಹೊರಗೆ ನಿಲ್ಲಿಸುವುದೆಂದರೆ ಅಂಧನ ಕಣ್ಣನ್ನೇ ಹೊರಗಿರಿಸಿದಂತೆ ಎಂಬುದನ್ನು ಜನರಿಗೆ ಮನಗಾಣಿಸಲು ಫ್ರ್ಯಾಂಕ್ ಬಡ್ಡೀಯೊಡನೆ ದೇಶವಿಡೀ ಸಂಚರಿಸಿದರು. 1938ರಲ್ಲಿ ಬಡ್ಡೀ ಅಸುನೀಗಿತು. ಪ್ರಯತ್ನ ಮಾತ್ರ ನಿಲ್ಲಲಿಲ್ಲ. 1956ರ ವೇಳೆಗೆ ಅಲ್ಲಿನ ಎಲ್ಲ ರಾಜ್ಯಗಳೂ ಮಾರ್ಗದರ್ಶಿ ನಾಯಿಗಳಿಗೆ ಸಾರ್ವಜನಿಕ ಸ್ಥಳಗಳಲ್ಲಿ ಪ್ರವೇಶ ನೀಡುವ ಕಾನೂನು ಮಾಡಿದ್ದವು. ಒಂದು ನಾಯಿಯನ್ನು ಸಜ್ಜುಗೊಳಿಸಲು ಕೆಲವು ತಿಂಗಳು ಸಾಕಾದರೆ, ಒಂದು ಸಮಾಜವನ್ನು ಸಜ್ಜುಗೊಳಿಸಲು ಸುಮಾರು ಮೂರು ದಶಕಗಳೇ ಬೇಕಾದವು.

ಇನ್ನೊಂದು ಸಂಗತಿಯೂ ಗಮನಾರ್ಹ. ಈ ಸಂಸ್ಥೆ ನಾಯಿಯನ್ನು ಪುಕ್ಕಟೆಯಾಗಿ ಕೊಡುವುದಿಲ್ಲ. ತಗಲುವ ವೆಚ್ಚಕ್ಕೆ ಹೋಲಿಸಿದರೆ ಅತ್ಯಲ್ಪವೆನ್ನಬಹುದಾದ 150 ಡಾಲರನ್ನು ಮೊದಲ ನಾಯಿಗೆ ಪಡೆಯುತ್ತದೆ. ಹಲವು ದಶಕಗಳಿಂದ ಈ ಮೊತ್ತ ಏರಿಲ್ಲ. ಪಡೆಯುವವನು ಕೈಯೊಡ್ಡಿದವನಲ್ಲ, ತನ್ನ ಪಾಲು ತೆತ್ತವನು ಎಂಬ ಗೌರವ ಉಳಿಯಲೆಂಬುದೇ ಇದರ ಆಶಯ.

ಸ್ವಾವಲಂಬನೆಯೆಂದರೆ ಯಾರ ಹಂಗೂ ಇಲ್ಲದಿರುವುದು ಎಂದು ನಾವು ಭಾವಿಸುತ್ತೇವೆ. ಹಾಗಾದರೆ ನಮ್ಮಲ್ಲಿ ಸ್ವಾವಲಂಬಿಗಳು ಒಬ್ಬರೂ ಇರಲಾರರು. ತನ್ನ ಗುರಿಯನ್ನು ತಾನೇ ಆರಿಸಿಕೊಂಡು, ಅಲ್ಲಿಗೆ ಹೋಗಲು ಬೇಕಾದ ನೆರವನ್ನು ತಲೆಯೆತ್ತಿ ಪಡೆಯುವುದೇ ನಿಜವಾದ ಸ್ವಾವಲಂಬನೆ. ಆದ್ದರಿಂದ ಅಂಧರೊಬ್ಬರು ನಮಗೆ ಎದುರಾದಾಗ ತಟ್ಟನೆ ತೋಳು ಹಿಡಿದೆಳೆಯುವ ಮೊದಲು, 'ಎಲ್ಲಿಗೆ ಹೋಗಬೇಕು? ನಾನು ಜೊತೆಗೆ ಬರಲೇ?' ಎಂದು ಕೇಳೋಣ. ದಾರಿಯನ್ನು ನಿರ್ಧರಿಸುವವರು ಅವರು. ಅದನ್ನು ತೆರವು ಮಾಡಿಕೊಡಬೇಕಾದವರು ನಾವು.