ಏಳು ಕಿಲೋ ಚೀಲದಲ್ಲಿ ದಕ್ಷಿಣದ ಆಕಾಶ

ದೊಡ್ಡ ಮೆಗಲನ್ ಮೋಡ ಎಂಬ ಗೆಲಾಕ್ಸಿ ಲೆಕ್ಕದ ಪ್ರಕಾರ ಬೆಂಗಳೂರಿಗೂ ಕಾಣಬೇಕು. ಆದರೆ ಅದು ಗರಿಷ್ಠ ಎತ್ತರಕ್ಕೆ ಬಂದಾಗಲೂ ದಕ್ಷಿಣ ದಿಗಂತದಿಂದ ಬರೀ 7 ಡಿಗ್ರಿ ಮೇಲಿರುತ್ತದೆ. ನಗರದ ಬೆಳಕು, ಧೂಳು, ಪಕ್ಕದ ಮನೆಯ ನೀರಿನ ಟ್ಯಾಂಕು, ಯಾವುದಾದರೊಂದು ಅದನ್ನು ನುಂಗಿಬಿಡುತ್ತದೆ. ಚಿಲಿ ದೇಶದ ಸ್ಯಾನ್ ಪೆದ್ರೊ ದೆ ಅಟಕಾಮದಲ್ಲಿ ಇದೇ ಮೋಡ 43 ಡಿಗ್ರಿ ಮೇಲೇರುತ್ತದೆ. ಊರಿರುವುದು 2,400 ಮೀಟರ್ ಎತ್ತರದ ಮರುಭೂಮಿಯಲ್ಲಿ. ನವೆಂಬರ್‌ನ ಅಮಾವಾಸ್ಯೆ ನೋಡಿಕೊಂಡು ಅಲ್ಲಿಗೆ ಒಂದು ತಿಂಗಳು ಹೊರಟವರಿಗೆ ಮೊದಲು ಎದುರಾಗುವ ಲೆಕ್ಕ ಆಕಾಶದ್ದಲ್ಲ, ವಿಮಾನದ್ದು. ಹಲವು ವಿಮಾನ ಕಂಪನಿಗಳು ಕೈಚೀಲಕ್ಕೆ ಕೊಡುವ ಮಿತಿ 7 ಕಿಲೋ.

ನನ್ನನ್ನು ಕೇಳಿದರೆ, ದೂರದರ್ಶಕವನ್ನು ಮನೆಯಲ್ಲೇ ಬಿಡಿ ಅನ್ನುತ್ತೇನೆ.

ಈ ಮೋಡ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಗಲ, ಅಂದರೆ 20 ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಪ್ರಯಾಣಕ್ಕೆಂದೇ ಮಾಡಿದ, 250 ಮಿಲಿಮೀಟರ್ ನಾಭಿದೂರದ ಪುಟ್ಟ ದೂರದರ್ಶಕವೂ ಸಾಮಾನ್ಯ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ ಅದರ ಅರ್ಧ ಅಗಲವನ್ನಷ್ಟೇ ಹಿಡಿಯುತ್ತದೆ. ಅದರ ಬದಲು 135 ಎಂಎಂ, ಎಫ್/2 ಲೆನ್ಸ್ ಹಾಕಿ. ತೂಕ 800 ಗ್ರಾಂ ಆಸುಪಾಸು, ಚೌಕಟ್ಟಿಗೆ ಸಿಗುವ ಆಕಾಶ 66 ಚದರ ಡಿಗ್ರಿ. ಅದೇ ಚಿಲಿಯಲ್ಲಿ, ಸೆರೋ ಪಾಚೋನ್ ಬೆಟ್ಟದ ಮೇಲಿನ ವೆರಾ ರುಬಿನ್ ವೀಕ್ಷಣಾಲಯ 2025ರಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿತು. ಅಲ್ಲಿನ 3,200 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮಾರು 3 ಟನ್ ತೂಗುತ್ತದೆ, ಒಂದು ಸಲಕ್ಕೆ ನೋಡುವುದು 9.6 ಚದರ ಡಿಗ್ರಿ. ನಮ್ಮ ಲೆನ್ಸು ಅದರ ಹೆಚ್ಚುಕಡಿಮೆ ಏಳು ಪಟ್ಟು ನೋಡುತ್ತದೆ. ತೀರಾ ಬೀಗುವುದು ಬೇಡ, ಸೂಕ್ಷ್ಮದಲ್ಲಿ ಅದು ನಮ್ಮದಕ್ಕಿಂತ 30 ಪಟ್ಟು ಮುಂದೆ.

ಬೆಳಕಿನ ಲೆಕ್ಕ ಇನ್ನೂ ಸೋಜಿಗದ್ದು. ಎಫ್/4.9ರ ಪುಟ್ಟ ದೂರದರ್ಶಕ ಎರಡು ನಿಮಿಷದಲ್ಲಿ ಮಾಡುವ ಕೆಲಸವನ್ನು ಎಫ್/2 ಲೆನ್ಸ್ 20 ಸೆಕೆಂಡಿನಲ್ಲಿ ಮುಗಿಸುತ್ತದೆ. ಅದರ ಮೇಲೆ ಅಟಕಾಮದ ಕತ್ತಲೆ. ಮಹಾನಗರದ ಆಕಾಶಕ್ಕೂ ಅಲ್ಲಿನ ಆಕಾಶಕ್ಕೂ ಹೊಳಪಿನ ಅಳತೆಯಲ್ಲಿ ನಾಲ್ಕು ಮ್ಯಾಗ್ನಿಟ್ಯೂಡ್‌ನ ಅಂತರ ಎಂದರೆ ಹಿನ್ನೆಲೆಯ ಬೆಳಕಿನಲ್ಲಿ 40 ಪಟ್ಟು ವ್ಯತ್ಯಾಸ. ಅಲ್ಲಿ ಒಂದು ಗಂಟೆಯಲ್ಲಿ ಸಿಗುವ ಮಸುಕು ನೀಹಾರಿಕೆಗೆ ಇಲ್ಲಿ 40 ಗಂಟೆ ಕೂರಬೇಕು. ಯಾವ ದುಬಾರಿ ಗಾಜೂ ಇಷ್ಟು ಲಾಭ ಕೊಡುವುದಿಲ್ಲ.

ಇನ್ನು ಒಂದೇ ಒಂದು ಪಿಕ್ಸೆಲ್ ಬಗ್ಗೆ. ಇಂಥ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಸೆನ್ಸರ್‌ನಲ್ಲಿ ಅದರ ಅಗಲ ಸುಮಾರು 4 ಮೈಕ್ರಾನ್. ಈ ಲೆನ್ಸಿನ ಹಿಂದೆ ಕೂತಾಗ ಅದು ಆಕಾಶದ 6 ಆರ್ಕ್‌ಸೆಕೆಂಡ್ ನೋಡುತ್ತದೆ, ಅಂದರೆ ಒಂದು ಡಿಗ್ರಿಯ ಆರುನೂರರಲ್ಲೊಂದು ಪಾಲು. ಮೆಗಲನ್ ಮೋಡ ಇರುವುದು ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಅಷ್ಟು ದೂರದಲ್ಲಿ 6 ಆರ್ಕ್‌ಸೆಕೆಂಡ್ ಎಂದರೆ ನಾಲ್ಕೂವರೆ ಜ್ಯೋತಿರ್ವರ್ಷಕ್ಕೂ ಹೆಚ್ಚು, ಅಂದರೆ 40 ಲಕ್ಷ ಕೋಟಿ ಕಿಲೋಮೀಟರ್ ದಾಟುತ್ತದೆ. ನಮ್ಮ ಸೂರ್ಯನಿಗೂ ಅವನ ಅತಿ ಹತ್ತಿರದ ನಕ್ಷತ್ರಕ್ಕೂ ನಡುವಿನ ದೂರ 4.2 ಜ್ಯೋತಿರ್ವರ್ಷ. ಆ ಇಡೀ ಅಂತರ ಒಂದು ಪಿಕ್ಸೆಲ್‌ನೊಳಗೆ ಮುಳುಗಿಹೋಗುತ್ತದೆ.

ಭೂಮಿ ಸುಮ್ಮನಿರುವುದಿಲ್ಲವಲ್ಲ. ಮೋಡ ಆಕಾಶದ ದಕ್ಷಿಣ ಧ್ರುವಕ್ಕೆ ಸಮೀಪವಿರುವುದರಿಂದ ಬಹುತೇಕ ನಕ್ಷತ್ರಗಳಿಗಿಂತ ನಿಧಾನವಾಗಿ ತಿರುಗುತ್ತದೆ. ಆದರೂ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಪಿಕ್ಸೆಲ್ ಜರುಗುತ್ತದೆ. ಇದನ್ನು ತಡೆಯಲು ಭೂಮಿಯ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಬೇಕು. ಅದರಲ್ಲಿ ಒಪ್ಪಿಕೊಳ್ಳಬಹುದಾದ ತಪ್ಪು 6 ಆರ್ಕ್‌ಸೆಕೆಂಡ್, ಅಂದರೆ 900 ಮೀಟರ್ ದೂರದಲ್ಲಿಟ್ಟ ಹತ್ತು ರೂಪಾಯಿ ನಾಣ್ಯದ ಅಗಲ. ಇದೇ ಕೆಲಸಕ್ಕೆ ಹವ್ಯಾಸಿಗಳು ಮನೆಯಲ್ಲಿ ನೆಚ್ಚುವ ಗಟ್ಟಿ ಮೌಂಟಿನ ತಲೆಯೊಂದೇ 17 ಕಿಲೋ. ಹಾರ್ಮೋನಿಕ್ ಗೇರಿನ ಹೊಸ ಮೌಂಟುಗಳು 4 ಕಿಲೋಗೆ ಇಳಿದಿವೆ (1971ರಲ್ಲಿ ಅಪೊಲೊ 15ರ ಬಂಡಿ ಚಂದ್ರನ ಮೇಲೆ ಓಡಿದ್ದೂ ಇದೇ ಜಾತಿಯ ಗೇರಿನಿಂದ). ಆದರೆ ಅವಕ್ಕೆ ದಾರಿ ತಿದ್ದಲು ಇನ್ನೊಂದು ಕ್ಯಾಮೆರಾ, ಒಂದು ಕಂಪ್ಯೂಟರ್, ಒಂದಿಷ್ಟು ವೈರು ಬೇಕು, 7 ಕಿಲೋ ಅಲ್ಲಿಗೇ ಖಾಲಿ. ಒಂದು ಕಿಲೋದ ಸಾದಾ ಟ್ರ್ಯಾಕರ್ ಸಾಕು. 30 ಸೆಕೆಂಡಿನ 600 ಚಿತ್ರ, ಒಟ್ಟು ಐದು ಗಂಟೆ. ಒಂದರ ಮೇಲೊಂದು ಸೇರಿಸಿದರೆ ಚಿತ್ರದ ಗದ್ದಲ (ನಾಯ್ಸ್) 24 ಪಟ್ಟು ತಗ್ಗುತ್ತದೆ. ಮಸುಕಾದ ನಾಲ್ಕಾರು ಚಿತ್ರ ಎಸೆದರೂ ನಷ್ಟವಿಲ್ಲ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ವಿಮಾನ ಕಂಪನಿಯ ಅನುಮತಿಯಿಲ್ಲದೆ 100 ವ್ಯಾಟ್-ಅವರ್ ಮೀರಬಾರದು. 20,000 ಎಂಎಎಚ್‌ನದು 74 ವ್ಯಾಟ್-ಅವರ್. ಟ್ರ್ಯಾಕರ್‌ಗೂ ಲೆನ್ಸಿನ ಮಂಜು ಬಿಡಿಸುವ ಪಟ್ಟಿಗೂ ಅದು ಸಾಕಾಗುತ್ತದೆ. 20 ವ್ಯಾಟ್ ಕುಡಿಯುವ ಕೂಲಿಂಗ್ ಕ್ಯಾಮೆರಾಕ್ಕೆ ನಾಲ್ಕು ಗಂಟೆಯೂ ಬಾರದು. ಮರುಭೂಮಿಯ ರಾತ್ರಿಯ ಚಳಿ ಸೆನ್ಸರನ್ನು ಪುಕ್ಕಟೆ ತಣ್ಣಗಿಡುವಾಗ ಅದರ ಗೊಡವೆ ಯಾಕೆ? ಟ್ರೈಪಾಡ್ ದೊಡ್ಡ ಲಗೇಜಿಗೆ ಹೋಗಲಿ. ಅದಕ್ಕೆ ತೂಗುಹಾಕುವ ಭಾರವನ್ನಂತೂ ಇಲ್ಲಿಂದ ಹೊರಬೇಡಿ, ಅಟಕಾಮದಲ್ಲಿ ಕಲ್ಲಿಗೆ ಬರವಿಲ್ಲ.

ಬರ ಇರುವುದು ಧ್ರುವ ನಕ್ಷತ್ರಕ್ಕೆ. ಆಕಾಶದ ದಕ್ಷಿಣ ಧ್ರುವದ ಬಳಿ ಇರುವ ಸಿಗ್ಮಾ ಆಕ್ಟಾಂಟಿಸ್ ನಮ್ಮ ಧ್ರುವ ನಕ್ಷತ್ರಕ್ಕಿಂತ 20ಕ್ಕೂ ಹೆಚ್ಚು ಪಟ್ಟು ಮಂಕು, ಅದನ್ನು ಹುಡುಕುವುದರಲ್ಲೇ ಮೊದಲ ರಾತ್ರಿ ಕಳೆದೀತು. ಹುಡುಕಿದ ಸಂಭ್ರಮದಲ್ಲಿ ಟ್ರ್ಯಾಕರ್‌ನ ಪುಟ್ಟ ಸ್ವಿಚ್ಚನ್ನು ಉತ್ತರದ 'ಎನ್'ನಿಂದ ದಕ್ಷಿಣದ 'ಎಸ್'ಗೆ ಸರಿಸಲು ಮರೆತಿರೋ, ಯಂತ್ರ ಆಕಾಶಕ್ಕೆ ಎದುರು ದಿಕ್ಕಿನಲ್ಲಿ ತಿರುಗಿ ಜರುಗಾಟ ಇಮ್ಮಡಿಯಾಗುತ್ತದೆ. 30 ಸೆಕೆಂಡಿಗೆ 52 ಪಿಕ್ಸೆಲ್. ಆ ಮೋಡದ ಪ್ರತಿ ನಕ್ಷತ್ರವೂ ಸುಮಾರು 240 ಜ್ಯೋತಿರ್ವರ್ಷ ಉದ್ದದ ಗೀಟು.