ತಲೆ ಒಂದು, ಟೊಪ್ಪಿ ಹಲವು

ಒಂದು ಮಾತು ನಮ್ಮದೋ ಅನ್ಯರದೋ ಎಂಬ ಪ್ರಶ್ನೆ ಕಾಸರಗೋಡಿನವರಿಗೆ ದಿನನಿತ್ಯದ್ದು. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂಬ ಏಳು ನುಡಿಗಳು ಬಳಕೆಯಲ್ಲಿರುವ ನಾಡಿದು. ಮಕ್ಕಳ ಕನ್ನಡದಲ್ಲಿ ನೆರೆನುಡಿಯ ಮಾತು ಸೇರಿದಾಗ ತಂದೆತಾಯಿಗಳು ಕಳವಳಪಡುವುದುಂಟು. ಆ ಕಳವಳ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ತಲೆಯ ಮೇಲಣ ಟೊಪ್ಪಿಯೊಂದನ್ನೇ ಹಿಡಿದು ವಿಚಾರಿಸಬಹುದು.

ಮೊದಲು ತಲೆಯನ್ನು ನೋಡೋಣ. ಕನ್ನಡದ ‘ತಲೆ’ ಮಲಯಾಳದಲ್ಲಿ ‘ತಲ’, ತಮಿಳಿನಲ್ಲಿ ‘ತಲೈ’, ತುಳುವಿನಲ್ಲಿ ‘ತರೆ’. ಇವು ಒಂದೇ ಮೂಲದ ಪಾಲು. ಯಾರೂ ಯಾರಿಂದಲೂ ಕಡ ತಂದುದಲ್ಲ. ತಲೆಗೆ ತೊಡುವುದರ ಕಥೆ ಬೇರೆ. ‘ರುಮಾಲು’ ಪಾರಸಿಯ ಮಾತು. ಅಲ್ಲಿ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರಸುವುದು. ಮುಖ ಒರಸುವ ವಸ್ತ್ರವು ಕನ್ನಡದಲ್ಲಿ ತಲೆಗೇರಿ ಮರ್ಯಾದೆಯ ಉಡುಪಾಯಿತು. ‘ಟೊಪ್ಪಿ’ಯಾದರೋ ಹಿಂದಿ ಮರಾಠಿಗಳಲ್ಲಿ ‘ಟೋಪಿ’ಯಾಗಿ, ಮಲಯಾಳ ತಮಿಳುಗಳಲ್ಲಿ ‘ತೊಪ್ಪಿ’ಯಾಗಿ ದೇಶವನ್ನೆಲ್ಲ ಸುತ್ತಿದೆ.

ಯುರೋಪಿನ ಸ್ಲಾವ್ ಭಾಷೆಗಳಲ್ಲಿಯೂ ಹೀಗೆಯೇ. ತಲೆಗೆ ರಷ್ಯನರು ‘ಗೊಲೊವಾ’, ಸೆರ್ಬಿಯದವರು ‘ಗ್ಲಾವಾ’, ಚೆಕ್ಕರು ‘ಹ್ಲಾವಾ’ ಎನ್ನುತ್ತಾರೆ, ಬೇರು ಒಂದೇ. ಟೊಪ್ಪಿಗೆ ಮಾತ್ರ ಹಲವು ಬೇರು. ರಷ್ಯನರ ‘ಶಾಪ್ಕಾ’, ಪೋಲೆಂಡಿನವರ ‘ಚಾಪ್ಕಾ’ಗಳ ಜಾಡು ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಕಪ್ಪಾ’ ಎಂಬಲ್ಲಿಗೆ ಹೋಗುತ್ತದೆ. ರಷ್ಯನ್ನಿನ ‘ಶ್ಲ್ಯಾಪಾ’ ಜರ್ಮನ್ನಿನಿಂದ ಬಂದುದು. ಚೆಕ್ಕರ ‘ಕ್ಲೋಬೌಕ್’ ತುರ್ಕಿ ಬಳಗದ ‘ಕಲ್ಪಾಕ್’ನೊಡನೆ ನಂಟುಳ್ಳದ್ದೆಂದು ಪಂಡಿತರ ಮತ. ಕಾರಣ ಸುಲಭ. ತಲೆ ಹುಟ್ಟಿನೊಡನೆ ಬರುತ್ತದೆ. ಟೊಪ್ಪಿ ವ್ಯಾಪಾರಿಯೊಡನೆ, ಸೈನಿಕನೊಡನೆ, ದರ್ಜಿಯೊಡನೆ ಬರುತ್ತದೆ. ವಸ್ತುವಿನ ಬೆನ್ನಿಗೆ ಅದರ ಹೆಸರೂ ಗಡಿ ದಾಟುತ್ತದೆ.

ಇನ್ನು ನಮ್ಮ ಅಡಕೆ ತೋಟಕ್ಕೆ ಬರೋಣ. ಇಲ್ಲಿಯ ದುಡಿಮೆಗಾರರ ಟೊಪ್ಪಿ ‘ಮುಟ್ಟಾಳೆ’. ಅಡಕೆಯ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆದುಗೊಳಿಸಿ, ತಲೆಯ ಅಳತೆಗೆ ಮಡಿಚಿ, ತುದಿಗಳನ್ನು ಹೊಲಿದರೆ ಅದು ಸಿದ್ಧ. ಬಿಸಿಲಿಗೂ ಮಳೆಗೂ ತಲೆಹೊರೆಗೂ ಅದೊಂದೇ ಆಸರೆ, ಕಾಸಿನ ಖರ್ಚಿಲ್ಲ. ಹಾಳೆಗೆ ತುಳುವಿನಲ್ಲಿ ‘ಪಾಳೆ’, ಮಲಯಾಳದಲ್ಲಿ ‘ಪಾಳ’. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ, ಕನ್ನಡದ ‘ಪಾಳೆ’ ಹಾಳೆಯಾಯಿತು. ಚೆಕ್ಕರ ಬಾಯಲ್ಲಿ ‘ಗ’ಕಾರ ‘ಹ’ಕಾರವಾದುದೂ ಇಂಥದೇ ಮಾರ್ಪಾಟು. ವಿದ್ಯಾರ್ಥಿಗಳು ಬರೆಯುವ ಪುಸ್ತಕದ ಹಾಳೆಗೂ ತೋಟದ ಹಾಳೆಗೂ ಹೆಸರು ಒಂದೇ ಎಂಬುದು ಗಮನಿಸತಕ್ಕದ್ದು. ಮಲಯಾಳಿಗಳು ಇದೇ ಟೊಪ್ಪಿಯನ್ನು ‘ಪಾಳತ್ತೊಪ್ಪಿ’ ಎನ್ನುತ್ತಾರೆ. ಅದರಲ್ಲಿ ಮನೆಯ ಮಾತಿಗೆ ನಾಡು ಸುತ್ತಿದ ಮಾತು ಜೋಡಿಯಾಗಿದೆ. ಅದರಿಂದ ಮಲಯಾಳಕ್ಕೆ ಕುಂದೇನೂ ಬರಲಿಲ್ಲ.

ಕಾಸರಗೋಡಿಗೇ ಹೆಸರು ತಂದ ಇನ್ನೊಂದು ಟೊಪ್ಪಿಯುಂಟು. ತಳಂಗರೆಯ ಹೆಂಗಸರು ಮನೆಯಲ್ಲಿ ಕುಳಿತು ಬಿಳಿಯ ಹತ್ತಿಬಟ್ಟೆಯಲ್ಲಿ ಕೈಯಾರೆ ಹೊಲಿಯುತ್ತ ಬಂದ ‘ತಳಂಗರೆ ತೊಪ್ಪಿ’ ಕಡಲಾಚೆಯ ಕೊಲ್ಲಿ ನಾಡುಗಳಿಗೂ ಹೋಗಿದೆ. ಯಂತ್ರದ ಟೊಪ್ಪಿಗಳು ಅಗ್ಗವಾಗಿ ಬಂದ ಮೇಲೆ ಆ ಸೂಜಿಗಳ ಕೆಲಸ ಕುಗ್ಗಿತು. ಮುಟ್ಟಾಳೆಯೂ ಇಂದು ತೋಟಕ್ಕಿಂತ ವೇದಿಕೆಯಲ್ಲಿ, ಮೆರವಣಿಗೆಯಲ್ಲಿ ಹೆಚ್ಚಾಗಿ ಕಾಣಸಿಗುತ್ತದೆ.

ಆದುದರಿಂದ ತಂದೆತಾಯಿಗಳು ನೆರೆಮನೆಯಿಂದ ಬಂದ ಮಾತಿಗೆ ಅಂಜಬೇಕಾಗಿಲ್ಲ. ಬಂದ ಮಾತು ಭಾಷೆಯನ್ನು ಬೆಳೆಸೀತು. ಬಿಟ್ಟುಹೋದ ಮಾತನ್ನು ಮರಳಿ ತರುವುದು ಕಷ್ಟ. ಮುಟ್ಟಾಳೆಯನ್ನು ಕಟ್ಟುವ ಕೈ ನಿಂತ ದಿನ, ಅದರ ಮಡಿಕೆಗೆ, ಹೊಲಿಗೆಗೆ, ನಾರಿಗೆ ಹಿರಿಯರು ಹೇಳುವ ಹೆಸರುಗಳೂ ಮೌನವಾಗುತ್ತವೆ. ವಿದ್ಯಾರ್ಥಿಗಳು ಈ ರಜೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಯಾವ ನುಡಿಯಲ್ಲಿ ಹೇಳಿದರೂ ಸರಿಯೆ, ಆ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಡಲಿ.